ಕಡ್ಡಿಪುಡಿ ಮತ್ತು ನಾಲ್ಕನೆಯ ನಿಯಮ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂತರೆ ನಮ್ಮ ಶಾಲೆ ಸಿಗುತ್ತದೆ. ಸರ್ಕಾರಿ ಪ್ರೌಢಶಾಲೆ. ಎಂಟು, ಒಂಬತ್ತು, ಹತ್ತು, ಮೂರೇ ತರಗತಿ. ನಾನು ಅಲ್ಲಿ ಕನ್ನಡ ಪಾಠ ಮಾಡುತ್ತೇನೆ. ಒಂದು ವರ್ಷ ಶಾಲೆ ಶುರುವಾದ ಹೊಸತರಲ್ಲಿ ಸುತ್ತೋಲೆಯೊಂದು ಬಂತು. ಮದ್ಯ, ಮಾದಕ ವಸ್ತು, ತಂಬಾಕು ಇವುಗಳ ಬಗ್ಗೆ ಪ್ರತಿ ಶಾಲೆಯೂ ನಿಯಮ ಬರೆದು ಗೋಡೆಗೆ ಹಾಕಬೇಕು ಎಂದು ಅದರಲ್ಲಿತ್ತು. ನಮ್ಮ ಹೆಡ್‌ಮಿಸ್ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಕಾಗದವನ್ನು ನನ್ನ ಕಡೆಗೆ ತಳ್ಳಿದರು.

"ಕನ್ನಡ ನಿಂದು. ನೀನೇ ಬರಿಯಮ್ಮ."

ಅವರು ಹರದನಹಳ್ಳಿಯವರು. ಗಣಿತ ಹೇಳಿಕೊಡುತ್ತಿದ್ದರು, ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು. ತುಂಬಾ ಗಿಡ್ಡ. ಪ್ರಾರ್ಥನೆಯ ಹೊತ್ತಿನಲ್ಲಿ ಹತ್ತನೇ ತರಗತಿಯ ಹುಡುಗರ ಹಿಂದೆ ನಿಂತರೆ ಕಾಣುತ್ತಲೇ ಇರಲಿಲ್ಲ. ಆದರೆ ಅವರು ಒಂದು ಸಲ ಕೆಮ್ಮಿದರೆ ಇಡೀ ಅಂಗಳ ಸುಮ್ಮನಾಗುತ್ತಿತ್ತು.

ನಾನು ಎರಡು ದಿನ ಕೂತು ಏಳು ನಿಯಮ ಬರೆದೆ. ನನ್ನ ಭಾಷೆ ನನಗೇ ಹೆಮ್ಮೆ ತರುವಷ್ಟು ಗಟ್ಟಿಯಾಗಿತ್ತು. ಅದರಲ್ಲೂ ನಾಲ್ಕನೆಯದು. ಶಾಲೆಯಲ್ಲಾಗಲಿ ಹೊರಗಾಗಲಿ ಇಂಥ ವಸ್ತುವನ್ನು ಬಳಸಿದ ವಿದ್ಯಾರ್ಥಿ ಒಂದು ವಾರ ಅಮಾನತು, ಪೋಷಕರಿಗೆ ಕರೆ, ಎರಡನೇ ಸಲಕ್ಕೆ ಟಿ.ಸಿ. ಹೆಡ್‌ಮಿಸ್ ಬೆರಳಿಟ್ಟು ಓದುತ್ತಾ ಅಲ್ಲಿಗೆ ಬಂದು ನಿಂತರು.

"ಅಮಾನತು ಅಂದ್ರೆ ಮಕ್ಕಳಿಗೆ ಏನರ್ಥ ಆಗತ್ತೆ?"

"ತರಗತಿಗೆ ಸೇರಿಸಲ್ಲ ಅಂತ, ಮೇಡಂ."

"ಹಾಗೇ ಬರಿ ಮತ್ತೆ. ತರಗತಿಗೆ ಸೇರಿಸಲಾಗುವುದಿಲ್ಲ ಅಂತ."

ಬರೆದೆ. ಆ ಸಂಜೆ ಮನೆಗೆ ಹೋಗಿ ಅಮ್ಮನಿಗೂ ಓದಿ ಹೇಳಿದೆ. ಅಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ಅಡಿಕೆ ಇಟ್ಟು, ಮೇಲೊಂದು ಚಿಟಿಕೆ ಕಡ್ಡಿಪುಡಿ ಉದುರಿಸಿ, ಮಡಿಸಿ ದವಡೆಗೆ ಇಟ್ಟುಕೊಂಡು, "ಚೆಂದಾಗಿ ಬರ್ದಿದ್ದೀಯ ಕಣಮ್ಮಿ. ಐಕ್ಳು ಕೆಟ್ಟೋಯ್ತಾವೆ ಈಗಿನ್ ಕಾಲ್ದಲ್ಲಿ" ಅಂದಳು. ಕಡ್ಡಿಪುಡಿ ಅಂದರೆ ಹೊಗೆಸೊಪ್ಪಿನ ಕಡ್ಡಿಯನ್ನು ಕುಟ್ಟಿ ಮಾಡಿದ ಪುಡಿ. ನಮ್ಮ ಕಡೆಯ ಹೆಂಗಸರಲ್ಲಿ ಅದನ್ನು ಯಾರೂ ಚಟ ಅಂತ ಕರೆಯುವುದಿಲ್ಲ. ನಾನೂ ಕರೆದಿರಲಿಲ್ಲ. ನನ್ನ ಏಳು ನಿಯಮ ಬರೆಯುವಾಗ ಕಣ್ಣ ಮುಂದಿದ್ದದ್ದು ಬಾಟಲಿ, ಗಾಂಜಾ, ಬಸ್‌ಸ್ಟ್ಯಾಂಡಿನ ಹಿಂದೆ ನಿಂತು ಸಿಗರೇಟು ಸೇದುವ ಹುಡುಗರು.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ನಿಯಮಗಳನ್ನು ಓದಿದೆ. ಒಂಬತ್ತನೇ ತರಗತಿಯವನೊಬ್ಬ ಕೈ ಎತ್ತಿ, "ಮಿಸ್, ಅಪ್ಪಂದಿರ್ಗೂ ಇದೇ ರೂಲ್ಸಾ?" ಎಂದು ಕೇಳಿದ. ಎಲ್ಲರೂ ನಕ್ಕರು. ಹೆಡ್‌ಮಿಸ್ ಮುಖ ಗಂಟು ಹಾಕಿಕೊಂಡೇ, "ನಿಮ್ಮಪ್ಪ ಬಂದು ಒಂಬತ್ತನೇ ಕ್ಲಾಸಿಗೆ ಸೇರ್ಕೊಂಡ್ರೆ ಅವರಿಗೂ ಇದೇ" ಅಂದರು.

ಆ ನಿಯಮ ಮೊದಲು ತಗುಲಿದ್ದು ಹತ್ತನೇ ತರಗತಿಯ ಒಬ್ಬ ಹುಡುಗಿಗೆ. ನಮ್ಮ ಖೋ ಖೋ ತಂಡದ ನಾಯಕಿ ಅವಳು. ಓಡುವಾಗ ಜಡೆ ಎರಡೂ ಹಿಂದಕ್ಕೆ ನೆಟ್ಟಗೆ ನಿಲ್ಲುತ್ತಿದ್ದವು. ಪಾಠದಲ್ಲಿ ಸಾಧಾರಣ, ಮಾತಿನಲ್ಲಿ ಮುಂದು. ಆಗಸ್ಟ್ ತಿಂಗಳ ಒಂದು ದಿನ ಬ್ಯಾಗು ತಪಾಸಣೆ ಮಾಡುತ್ತಾ ಅವಳ ಜಾಮಿಟ್ರಿ ಬಾಕ್ಸ್ ತೆಗೆದೆ. ಕೈವಾರದ ಕೆಳಗೆ ಪೇಪರಿನಲ್ಲಿ ಮಡಚಿದ್ದ ಸಣ್ಣ ಪೊಟ್ಟಣ. ಬಿಡಿಸುತ್ತಿದ್ದಂತೆ ವಾಸನೆ ಗೊತ್ತಾಯಿತು. ಅದು ನಮ್ಮಮ್ಮನ ಎಲೆಯಡಿಕೆ ಚೀಲದ ವಾಸನೆ.

"ಯಾರದಿದು?"

"ಅವ್ವಂದು ಮಿಸ್. ತಂದ್ಕೊಡು ಅಂದಿತ್ತು."

"ಬಾಯಿ ತೆಗಿ."

ತೆಗೆಯಲಿಲ್ಲ. ಇಡೀ ತರಗತಿ ನೋಡುತ್ತಿತ್ತು. ಹೊರಗೆ ಜಗಲಿಗೆ ಕರೆದುಕೊಂಡು ಹೋದ ಮೇಲೆ ನೆಲ ನೋಡುತ್ತಾ ಹೇಳಿದಳು.

"ಊವ ಬುಡ್ಸಾಕೆ ಓಯ್ತೀವಲ್ಲ ಮಿಸ್, ಅಲ್ಲಿ ಎಲ್ಲಾರೂ ಆಕ್ಕತ್ತಾರೆ. ಆಕ್ಕಂಡ್ರೆ ಒಟ್ಟೆ ಅಸಿಯಾಕಿಲ್ಲ."

ಓಣಂ ಹತ್ತಿರ ಬಂದಂತೆ ಗುಂಡ್ಲುಪೇಟೆಯ ಸುತ್ತ ಚೆಂಡುಹೂವಿನ ಹೊಲಗಳಿಗೆ ಕೇರಳದ ವ್ಯಾಪಾರಿಗಳು ಬರುತ್ತಾರೆ. ಹೂವು ಬಿಡಿಸಲು ಆಳು ಸಾಲುವುದಿಲ್ಲ. ಶನಿವಾರ ಮಧ್ಯಾಹ್ನ, ಭಾನುವಾರ, ಹಬ್ಬದ ರಜೆ ಎಲ್ಲಾ ದಿನವೂ ಈ ಹುಡುಗಿ ಅವ್ವನ ಜೊತೆ ಗೂಡ್ಸ್ ಆಟೋ ಹತ್ತಿ ಹೋಗುತ್ತಿದ್ದಳಂತೆ. ಬೆಳಗ್ಗೆ ಏನೂ ತಿನ್ನದೆ ಹೋದವರು ಹನ್ನೊಂದರವರೆಗೆ ಬಗ್ಗಿದ ಬೆನ್ನು ಎತ್ತುವಂತಿಲ್ಲ. ಹೋದ ವರ್ಷ ಹಲ್ಲುನೋವಿಗೆ ಅಂತ ಅವ್ವನೇ ಒಂದು ಚಿಟಿಕೆ ಕೊಟ್ಟಿದ್ದಳು. ಹಲ್ಲುನೋವು ಹೋಯಿತು, ಇದು ಉಳಿಯಿತು.

ನನಗೆ ಅಯ್ಯೋ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮೂವತ್ತೆಂಟು ಮಕ್ಕಳು ನೋಡಿದ್ದರು. ನಾಲ್ಕನೆಯ ನಿಯಮ ಜಾರಿ ಆಗದಿದ್ದರೆ ಗೋಡೆಯ ಮೇಲೆ ಯಾಕಿರಬೇಕು ಎಂದು ಹೆಡ್‌ಮಿಸ್ ಹತ್ತಿರ ವಾದ ಮಾಡಿದೆ. ಅವರು "ಆಗಲಿ, ಅವಳ ತಾಯಿನ ಕರ್ಸು" ಎಂದಷ್ಟೇ ಹೇಳಿದರು.

ಮಾರನೆಯ ದಿನ ತಾಯಿ ಕೂಲಿ ಬಿಟ್ಟು ಬಂದಳು. ಒಗೆದ ಸೀರೆ, ಬೆರಳ ತುದಿಯಲ್ಲಿ ಚೆಂಡುಹೂವಿನ ಹಸಿರು ಕರೆ. ಅಪ್ಪ ಕೇರಳದ ಕಡೆ ಶುಂಠಿ ಹೊಲಕ್ಕೆ ದುಡಿಯಲು ಹೋದವನು, ಊರಿಗೆ ಅಪರೂಪ. ಕುರ್ಚಿ ತೋರಿಸಿದರೂ ಕೂರದೆ ಬಾಗಿಲ ಹತ್ತಿರವೇ ನಿಂತಳು.

"ತಪ್ಪು ನಂದು ಕಣ್ರವ್ವಾ. ನಾನೇ ಕೊಟ್ಟಿದ್ದು. ಅವ್ಳನ್ನ ಇಸ್ಕೂಲ್ ಬುಡಿಸ್ಬ್ಯಾಡಿ."

"ಬಿಡಿಸಲ್ಲ. ಒಂದು ವಾರ ಅಷ್ಟೆ," ಅಂದೆ ನಾನು.

ಹೆಡ್‌ಮಿಸ್ ಕೇಳಿದರು, "ಆ ಒಂದು ವಾರ ಮನೇಲಿ ಏನ್ ಮಾಡ್ತಾಳೆ?"

"ಮನೇಲೇನ್ ಮಾಡಾಳು? ನಂಜೊತೆ ಊವಕ್ ಬತ್ತಾಳೆ."

ಹೆಡ್‌ಮಿಸ್ ನನ್ನ ಮುಖ ನೋಡಿದರು. ಆಮೇಲೆ ಎದ್ದು, ಗೋಡೆಯ ಮೇಲಿನ ಹಾಳೆಯ ಹತ್ತಿರ ಹೋಗಿ, ಹಿಮ್ಮಡಿ ಎತ್ತಿ ನಿಂತು ನಾಲ್ಕನೆಯ ನಿಯಮವನ್ನು ಗಟ್ಟಿಯಾಗಿ ಓದಿದರು. "ತರಗತಿಗೆ ಸೇರಿಸಲಾಗುವುದಿಲ್ಲ. ಶಾಲೆಗೆ ಅಂತ ಬರ್ದಿಲ್ಲವಲ್ಲಮ್ಮ ನೀನು. ನಾಳೆಯಿಂದ ಇವಳು ಆಫೀಸಿಗೆ ಬರಲಿ."

ಹಾಗೆ ಆ ಹುಡುಗಿ ಒಂದು ವಾರ ಹೆಡ್‌ಮಿಸ್ ಮೇಜಿನ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತಳು. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆಯವರೆಗೆ. ಹೆಡ್‌ಮಿಸ್ ಫೈಲು ನೋಡುತ್ತಾ ಲೆಕ್ಕ ಕೊಡುವುದು, ಫೋನಿನಲ್ಲಿ ಮಾತಾಡುತ್ತಲೇ ತಪ್ಪಿದ ಸಾಲಿಗೆ ಪೆನ್ಸಿಲ್ ಕುಟ್ಟುವುದು. ಮೊದಲ ಎರಡು ದಿನ ಹುಡುಗಿಗೆ ತಲೆ ಸಿಡಿಯುತ್ತಿತ್ತು. ಎಲ್ಲದಕ್ಕೂ ಸಿಡುಕುತ್ತಿದ್ದಳು. ಬೀಜಗಣಿತದ ಪುಸ್ತಕವನ್ನು ಒಂದು ಸಲ ಎಸೆದೇಬಿಟ್ಟಳಂತೆ. ಹೆಡ್‌ಮಿಸ್ ಬೈಯದೆ ಡ್ರಾಯರಿನಿಂದ ಹುರಿಗಡಲೆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ಬಾಯಿ ಕೇಳಿದಾಗ ಇದನ್ನ ಹಾಕ್ಕೊ. ಆಮೇಲೆ ಆ ಪುಸ್ತಕ ಎತ್ತಿ ಕಣ್ಣಿಗೊತ್ಕೊ."

ಮೂರನೆಯ ದಿನ ನಮ್ಮ ಬಿಸಿಯೂಟದ ಅಡುಗೆಯಮ್ಮ ರುಚಿ ನೋಡಲು ಸಾಂಬಾರು ಹಿಡಿದುಕೊಂಡು ಆಫೀಸಿಗೆ ಬಂದಳು. ಅರವತ್ತರ ಹತ್ತಿರದ ಹೆಂಗಸು, ಉಮ್ಮತ್ತೂರಿನಿಂದ ಇಲ್ಲಿಗೆ ಮದುವೆಯಾಗಿ ಬಂದವಳು. ಹುಡುಗಿ ಮೂಗರಳಿಸಿದಳು.

"ಅಜ್ಜಿ, ನೀನೂ ಆಕ್ಕಂಡಿದ್ದೀಯ."

"ಏ, ಸುಮ್ಕಿರಮ್ಮಿ."

"ರೂಲ್ಸ್ ಎಲ್ಲಾರ್ಗೂ ಒಂದೇ ಅಂತ ಮಿಸ್ಸು ಬರ್ದವ್ರೆ. ಆರ್ನೇದು. ಓದ್ಲಾ?"

ನಾನು ಅಲ್ಲೇ ಹಾಜರಿ ಪುಸ್ತಕ ಹಿಡಿದು ನಿಂತಿದ್ದೆ. ಆವರಣದೊಳಗೆ ಯಾರೇ ಆಗಲಿ ತಂಬಾಕು ಬಳಸುವಂತಿಲ್ಲ ಎಂದು ಬರೆದವಳು ನಾನೇ. ಐದು ವರ್ಷದಿಂದ ಈ ಅಜ್ಜಿಯ ಕೆಂಪು ಬಾಯಿ ನೋಡಿಕೊಂಡೇ ಊಟ ಮಾಡಿದವಳೂ ನಾನೇ. ಅಜ್ಜಿ ಸೊಂಟಕ್ಕೆ ಕೈಯಿಟ್ಟು, "ನನ್ನೂ ಸಸ್ಪೆಂಡ್ ಮಾಡ್ಬುಡಿ ಮತ್ತೆ! ಅನ್ನ ಯಾರು ಬೇಯಿಸ್ತಾರೆ ನೋಡನ" ಅಂದಳು. ಹೆಡ್‌ಮಿಸ್ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೊನೆಗೆ ಒಪ್ಪಂದವಾಯಿತು. ಅಜ್ಜಿಯ ಎಲೆಯಡಿಕೆ ಚೀಲ ಬೆಳಗ್ಗೆ ಬಂದ ತಕ್ಷಣ ಆಫೀಸಿನ ಬೀರುವಿಗೆ ಹೋಗಬೇಕು, ಪಾತ್ರೆ ತೊಳೆದ ಮೇಲೆ ವಾಪಸ್. ಬೀರುವಿನ ಬೀಗದ ಕೈ ಹುಡುಗಿಯ ಸುಪರ್ದಿಗೆ. ಹನ್ನೆರಡು ಗಂಟೆಯ ಹೊತ್ತಿಗೆ ಅಜ್ಜಿ ಏನಾದರೂ ನೆಪ ತೆಗೆದು ಆಫೀಸಿನ ಸುತ್ತ ಸುಳಿಯುತ್ತಿದ್ದಳು. ಹುಡುಗಿ ಒಂದು ಹಿಡಿ ಹುರಿಗಡಲೆ ಕೊಟ್ಟು ಕಳಿಸುತ್ತಿದ್ದಳು. "ನಂಗೆ ಬಾಯಲ್ಲಿ ಅಲ್ಲು ಎಲ್ಲವೆ ಕಣವ್ವಾ ಇದ ಅಗಿಯಾಕೆ?" ಎಂದು ಅಜ್ಜಿ ಗೊಣಗುವುದು ಪಕ್ಕದ ತರಗತಿಯಲ್ಲಿದ್ದ ನನಗೂ ಕೇಳಿಸುತ್ತಿತ್ತು. ಅದೇ ಅಜ್ಜಿ, ಹುಡುಗಿ ಬರಿಹೊಟ್ಟೆಯಲ್ಲಿ ಬರುತ್ತಾಳೆ ಅಂತ ತಿಳಿದ ಮೇಲೆ, ರಾಗಿ ಮಾಲ್ಟ್ ಕೊಡುವ ದಿನ ಅವಳಿಗೆ ಎರಡು ಲೋಟ, ಕೊಡದ ದಿನ ತನ್ನ ಬುತ್ತಿಯಿಂದ ಅರ್ಧ ಮುದ್ದೆ ಎತ್ತಿಡತೊಡಗಿದಳು.

ನನಗೆ ಮಾತ್ರ ಒಳಗೊಳಗೇ ಸಿಟ್ಟು. ಬಸ್ಸಿಗೆ ಕಾಯುವಾಗ ಕೇಳಿಯೇಬಿಟ್ಟೆ. "ಮೇಡಂ, ಇದು ಶಿಕ್ಷೆನೋ ಬಹುಮಾನನೋ? ಎಂಟನೇ ಕ್ಲಾಸಿನವು ನಮ್ಮನ್ನೂ ಸಸ್ಪೆಂಡ್ ಮಾಡಿ ಅಂತಿವೆ."

ಹೆಡ್‌ಮಿಸ್ ಕೊಡೆ ಮಡಚುತ್ತಾ, "ನನ್ನ ಕಿಟಕಿಯಿಂದ ಖೋ ಖೋ ಅಂಕಣ ಕಾಣತ್ತೆ. ದಿನಾ ನಾಲ್ಕು ಗಂಟೆಗೆ ಅವಳ ತಂಡ ಅವಳಿಲ್ಲದೆ ಆಡೋದನ್ನ ನೋಡ್ತಾ ಕೂತಿರ್ತಾಳೆ. ಶಿಕ್ಷೆ ಹೌದೋ ಅಲ್ವೋ ಅವಳನ್ನೇ ಕೇಳು" ಅಂದರು. ಬಸ್ಸು ಬಂತು. ನಾನು ಕೇಳಲಿಲ್ಲ.

ವಾರ ಮುಗಿದು ಅವಳು ತರಗತಿಗೆ ವಾಪಸ್ ಬಂದಳು. ಇನ್ನೊಂದು ಭಾನುವಾರ ಕಳೆಯಿತು. ಸೋಮವಾರ ನಾನು ಬಸ್ಸಿಳಿದಾಗ ಗೇಟಿನ ಹತ್ತಿರ ಒಬ್ಬಳೇ ನಿಂತಿದ್ದಳು. ಕಣ್ಣು ಊದಿಕೊಂಡಿತ್ತು.

"ಮಿಸ್, ನೆನ್ನೆ ಆಕ್ಕಂಡ್ಬುಟ್ಟೆ."

"ಏನು?"

"ಕಡ್ಡಿಪುಡಿ. ಕಡ್ಲೆ ತಕಂಡೋಗಿದ್ದೆ ಮಿಸ್, ಖಾಲಿ ಆಗೋಯ್ತು. ಇನ್ನೂ ಮೂರು ಸಾಲು ಇತ್ತು. ಪಕ್ಕದ್ ಸಾಲ್ನೋರು ಕೊಟ್ರು." ಬ್ಯಾಗಿನ ಪಟ್ಟಿ ಎಳೆದುಕೊಳ್ಳುತ್ತಾ, "ಎರಡ್ನೇ ಸಲಕ್ಕೆ ಟಿ.ಸಿ. ಅಲ್ವಾ ಮಿಸ್?"

ಅಲ್ಲಿ ನಾವಿಬ್ಬರೇ. ಅವಳು ಹೇಳದಿದ್ದರೆ ನನಗೆ ಗೊತ್ತಾಗುವ ಸಾಧ್ಯತೆಯೇ ಇರಲಿಲ್ಲ. ಶಾಲೆಯಲ್ಲಾಗಲಿ ಹೊರಗಾಗಲಿ ಎಂದು ಎಷ್ಟು ಹೆಮ್ಮೆಯಿಂದ ಬರೆದಿದ್ದೆ ನಾನು.

"ಯಾಕೆ ಹೇಳ್ದೆ ನಂಗೆ?"

"ಇನ್ಯಾರ್ಗೆ ಹೇಳ್ಲಿ? ಅವ್ವಂಗೆ ಹೇಳಿದ್ರೆ ಅಳ್ತದೆ. ಹೆಡ್‌ಮಿಸ್‌ಗೆ ಹೇಳಾಕೆ ಮುಖ ಇಲ್ಲ."

ಅವಳ ಭುಜದ ಮೇಲೆ ಕೈಯಿಟ್ಟೆ. ಹೂವಿನ ಹೊಲದ ಘಾಟು ಇನ್ನೂ ಅವಳ ಕೂದಲಲ್ಲಿತ್ತು. ಪ್ರಾರ್ಥನೆಗೆ ಹೋಗು ಅಂತ ಕಳಿಸಿ, ನೇರವಾಗಿ ಆಫೀಸಿಗೆ ಹೋಗಿ, ಕುರ್ಚಿ ಎಳೆದು ಹತ್ತಿ ಗೋಡೆಯ ಹಾಳೆಯನ್ನು ಕಿತ್ತೆ. ಹೆಡ್‌ಮಿಸ್ ಕನ್ನಡಕ ಏರಿಸಿಕೊಂಡರು. ನಡೆದದ್ದು ಹೇಳಿದೆ.

"ಟಿ.ಸಿ. ಅನ್ನೋದನ್ನ ತೆಗೀತೀನಿ, ಮೇಡಂ. ತಾನಾಗಿ ಬಂದು ಹೇಳಿದವರಿಗೆ ಶಿಕ್ಷೆ ಇಲ್ಲ ಅಂತ ಎಂಟನೇದು ಸೇರಿಸ್ತೀನಿ. ಮೇಲಿನವರು ಕೇಳಿದ್ರೆ?"

"ನಿಯಮ ಬರೀರಿ ಅಂದಿದ್ದು ಅವರೇ ತಾನೆ? ಬರ್ದಿದೀವಿ. ಕೇಳಿದ್ರೆ ನಾನಿದೀನಿ. ಶಿಕ್ಷೆ ಇಲ್ಲ ಅಂತ ಬರ್ದು ಬಿಡಬೇಡ, ಸಹಾಯ ಮಾಡಲಾಗುವುದು ಅಂತಾನೂ ಸೇರಿಸು. ಅಕ್ಷರ ದಪ್ಪಗಿರ್ಲಿ, ನಂಗೂ ಕಾಣಬೇಕು." ಪೆನ್ನು ತೆಗೆದು ಖಾಲಿ ಹಾಳೆಯ ಕೆಳಗೆ ಮೊದಲೇ ಸಹಿ ಹಾಕಿ ಕೊಟ್ಟುಬಿಟ್ಟರು.

ಎಂಟನೆಯ ನಿಯಮ ಓದಿದ ದಿನ ಯಾರೂ ನಗಲಿಲ್ಲ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಸ್ಟಾಫ್‌ರೂಮಿನ ಬಾಗಿಲಲ್ಲಿ ಹತ್ತನೇ ತರಗತಿಯ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುತ್ತಾ ನಿಂತಿದ್ದರು. ಮದುವೆಯೊಂದರ ಬೀಗರ ಊಟದ ದಿನ ದೊಡ್ಡವರು ಉಳಿಸಿದ್ದ ಬ್ರಾಂದಿಗೆ ಜ್ಯೂಸ್ ಬೆರೆಸಿ ಕುಡಿದಿದ್ದರು. ಆಮೇಲೆ ಇನ್ನೂ ಎರಡು ಸಲ. ಒಬ್ಬನಿಗೆ ಅದು ಬೇಕು ಬೇಕು ಅನ್ನಿಸುತ್ತಿದೆ ಅಂತ ಹೆದರಿಕೆ. ಇನ್ನೊಬ್ಬ ಬಂದದ್ದು ಜೊತೆಗಾರನಿಗಾಗಿ. "ಇವ್ನೊಬ್ನೇ ಬರಾಕಿಲ್ಲ ಅಂದ ಮಿಸ್, ಅದ್ಕೇ ನಾನೂ ಕುಡ್ದಿದ್ದೆ ಅಂತ ಹೇಳ್ತಾ ಇದ್ದೀನಿ. ಕುಡ್ದೂ ಇದ್ದೆ" ಅಂದ. ನಾನು ನಗು ತಡೆದುಕೊಳ್ಳಲು ಕಿಟಕಿಯ ಕಡೆ ತಿರುಗಬೇಕಾಯಿತು. ಹೆಡ್‌ಮಿಸ್ ಅವರಿಬ್ಬರನ್ನೂ ಆ ಹುಡುಗಿಯನ್ನೂ ಒಟ್ಟಿಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಚಟ ಬಿಡಿಸುವ ಆಪ್ತಸಮಾಲೋಚಕಿಯೊಬ್ಬರು ತಿಂಗಳಿಗೊಮ್ಮೆ ಬನ್ನಿ ಅಂದರು. ತಿಂಗಳಿಗೊಮ್ಮೆ ಹೋದೆವು. ಒಂದು ಸಲ ಹೆಡ್‌ಮಿಸ್, ಒಂದು ಸಲ ನಾನು. ವಾಪಸ್ ಬರುವಾಗ ಹೋಟೆಲಿನಲ್ಲಿ ಮಸಾಲೆದೋಸೆ ತಿನ್ನಿಸುವುದು ಯಾವ ನಿಯಮದಲ್ಲೂ ಇರಲಿಲ್ಲ. ಆದರೂ ಅದು ತಪ್ಪಲಿಲ್ಲ.

ಹುಡುಗಿ ಆ ವರ್ಷ ಇನ್ನೂ ಎರಡು ಸಲ ಗೇಟಿನ ಹತ್ತಿರ ನನಗಾಗಿ ಕಾದಿದ್ದಳು. ಪರೀಕ್ಷೆಯ ಹೊತ್ತಿಗೆ ಕಾಯುವುದು ನಿಂತಿತು. ಗಣಿತದಲ್ಲಿ ಅವಳಿಗೆ ಬಂದ ಅಂಕ ನೋಡಿ ಹೆಡ್‌ಮಿಸ್ ಉತ್ತರಪತ್ರಿಕೆ ಅದಲುಬದಲಾಗಿರಬೇಕು ಅಂತ ತಮಾಷೆ ಮಾಡಿದರು. ಅಡುಗೆಯ ಅಜ್ಜಿ ಪೂರ್ತಿ ಬಿಡಲಿಲ್ಲ. ಮನೆಗೆ ಹೋದ ಮೇಲೆ ಒಂದು, ರಾತ್ರಿ ಊಟಕ್ಕೆ ಒಂದು ಎಂದು ಅವಳೇ ಒಪ್ಪಿಕೊಳ್ಳುತ್ತಾಳೆ. ನಮ್ಮಮ್ಮನ ಹತ್ತಿರ ನಾನು ಕಡ್ಡಿಪುಡಿ ಬಿಡುವ ಮಾತು ತೆಗೆದಾಗ "ನನ್ನನ್ಯಾವ ಕ್ಲಾಸಿಂದ ಆಚೆ ಆಕೀಯೆ?" ಎಂದು ಕೇಳಿದಳು. ಅವಳೊಂದಿಗೆ ಇನ್ನೂ ಮಾತುಕತೆ ನಡೆಯುತ್ತಿದೆ.

ಹೆಡ್‌ಮಿಸ್ ನಿವೃತ್ತರಾಗಿ ಹರದನಹಳ್ಳಿಯಲ್ಲಿದ್ದಾರೆ. ಹುಡುಗಿ ಈಗ ಚಾಮರಾಜನಗರದಲ್ಲಿ ಪಿಯುಸಿ ಓದುತ್ತಾಳೆ, ಹಾಸ್ಟೆಲಿನಲ್ಲಿದ್ದಾಳೆ. ಹೋದ ತಿಂಗಳು ಬಸ್ಸಿನಲ್ಲಿ ಸಿಕ್ಕಿದಳು. ನನ್ನ ಪಕ್ಕದಲ್ಲಿ ಕೂತು, ಹಾಸ್ಟೆಲಿನಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು ಕದ್ದುಮುಚ್ಚಿ ಕಡ್ಡಿಪುಡಿ ಹಾಕಿಕೊಳ್ಳುತ್ತಾಳೆಂದೂ, ದಿನಾ ಸಂಜೆ ತಾನೇ ಅವಳನ್ನು ಮೈದಾನಕ್ಕೆ ಎಳೆದುಕೊಂಡು ಹೋಗಿ ಓಡಿಸುತ್ತೇನೆಂದೂ ಹೇಳಿದಳು.

"ಬಯ್ತಾಳೆ ಮಿಸ್ ನನ್ನ. ಆದ್ರೂ ಬತ್ತಾಳೆ," ಅಂದಳು. ಅಷ್ಟರಲ್ಲಿ ಅವಳ ಸ್ಟಾಪು ಬಂತು. ಬ್ಯಾಗು ತಲೆಯ ಮೇಲೆ ಹೊತ್ತುಕೊಂಡು, ಜನರ ನಡುವೆ ನುಸುಳಿ, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದುಬಿಟ್ಟಳು. ಕಂಡಕ್ಟರ್ ಬೈದ. ನಾನೂ ಕಿಟಕಿಯಿಂದ ತಲೆ ಹೊರಹಾಕಿ ಬೈದೆ.