ಬ್ಲೇಡಿನಿಂದ ಕೆರೆದ ರನ್ನು

ಜಿಲ್ಲೆಯ ಹಳೆಯ ಕ್ರಿಕೆಟ್ ಲೀಗಿನ ಇತಿಹಾಸವನ್ನು ಪುಸ್ತಕ ಮಾಡುತ್ತೇವೆಂದು ಅದರ ಕಾರ್ಯದರ್ಶಿ ಹೋದ ವರ್ಷ ರಾಯಚೂರಿನ ನನ್ನ ಮನೆಗೆ ಬಂದರು. "ಮೇಡಂ, ಲೀಗಿನ್ಯಾಗ ಸ್ಕೋರ್ ಬರೆದ ಮೊದಲನೇ ಹೆಣ್ಮಗಳು ನೀವ. ನಾಕು ಪೇಜ್ ಬರದು ಕೊಡ್ರಿ," ಎಂದರು. ಅವರು ಖುಷಿಯಲ್ಲಿದ್ದರು. ನಾನು ಚಹಾದ ಲೋಟ ಕೆಳಗಿಟ್ಟೆ.

ಆಗ ಲೀಗ್ ಎಂದರೆ ನಾಲ್ಕೇ ಕ್ಲಬ್: ರಾಯಚೂರಿನವು ಎರಡು, ಮಾನ್ವಿಯದೊಂದು, ದೇವದುರ್ಗದ್ದೊಂದು. ಎಲ್ಲರಿಗೂ ಸೇರಿ ಪಿಚ್ ಮೇಲೆ ಹಾಸಲು ಒಂದೇ ನಾರಿನ ಮ್ಯಾಟು. ಪಂದ್ಯ ಯಾವ ಊರಲ್ಲೋ ಆ ಊರಿಗೆ ಅದು ಬಸ್ಸಿನ ಟಾಪ್ ಮೇಲೆ ಹೋಗುತ್ತಿತ್ತು. ಹನ್ನೊಂದು ಜನ ಸೇರುವುದೇ ಕಷ್ಟವಿದ್ದಾಗ ಸ್ಕೋರ್ ಬರೆಯಲು ಬೇರೆ ಆಳು ಎಲ್ಲಿಂದ ಬರಬೇಕು? ನಮ್ಮ ಕ್ಲಬ್ಬಿನ ಕ್ಯಾಪ್ಟನ್ ನನ್ನ ಅಣ್ಣ. ನಾನು ಕಾನ್ವೆಂಟ್ ಮುಗಿಸಿ ಸುಮ್ಮನೆ ಮನೆಯಲ್ಲಿದ್ದೆ. "ನಿನ್ನ ಹ್ಯಾಂಡ್‌ರೈಟಿಂಗ್ ಛಲೋ ಅದ, ನಡಿ," ಎಂದು ಕರೆದುಕೊಂಡು ಹೋದ. ಆ ಭಾನುವಾರಗಳು, ಟು ಬಿ ಆನೆಸ್ಟ್, ನನ್ನ ಬದುಕಿನ ಬೆಸ್ಟ್ ಡೇಸ್.

ದೇವದುರ್ಗದ ಕಡೆಯಿಂದ ಬರೆಯುತ್ತಿದ್ದವನು ಗಬ್ಬೂರಿನ ಒಬ್ಬ ಹರೆಯದ ಗಣಿತದ ಮಾಸ್ತರ. ಕುರಿ ಕಾಯುವವರ ಮನೆತನದಲ್ಲಿ ಓದಿದ ಮೊದಲಿಗ. ಬ್ಯಾಟ್ ಹಿಡಿಯುವುದು ಎಲ್ಲರಿಗಿಂತ ಕೊನೆಗೆ, ಹಾಗಾಗಿ ಸ್ಕೋರಿನ ಪುಸ್ತಕ ಅವನ ಪಾಲಿಗೆ. ಬೇವಿನ ಮರದಡಿ ಒಂದು ಟೇಬಲ್ಲು, ಎರಡು ಕುರ್ಚಿ. ಪ್ರತಿ ಓವರ್ ಮುಗಿದ ಮೇಲೆ ನಾನು ಮೊತ್ತ ಓದುತ್ತಿದ್ದೆ, ಅವನು ತನ್ನದನ್ನು ನೋಡಿ "ಟ್ಯಾಲಿ ರೀ ಅಕ್ಕಾರ," ಎನ್ನುತ್ತಿದ್ದ.

ಆ ಸಲ ಫೈನಲ್ ಮಾನ್ವಿಯಲ್ಲಿ, ನಮಗೂ ದೇವದುರ್ಗಕ್ಕೂ. ಆಟ ಸಮ ಆದರೆ ಕಪ್ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ. ಅದು ಲೀಗಿನ ನಿಯಮ. ನಮ್ಮ ಮೊತ್ತ ಬೆನ್ನಟ್ಟುತ್ತಿದ್ದ ಅವರ ಒಂಬತ್ತನೇ ವಿಕೆಟ್ ಬಿದ್ದಾಗ ಮಾಸ್ತರ ಪ್ಯಾಡ್ ಕಟ್ಟಿಕೊಳ್ಳುತ್ತ ತನ್ನ ಪುಸ್ತಕವನ್ನು ನನ್ನತ್ತ ಸರಿಸಿದ.

"ಅಕ್ಕಾರ, ಇದರಾಗೂ ನೀವ ಬರೀರಿ. ನಾ ಹೋಗಿ ಬರೂದು ಏನ್ ತಡಾ ಆಗಂಗಿಲ್ಲ ಬಿಡ್ರಿ."

ತಡವಾಯಿತು. ಮೂರು ಓವರ್ ನಿಂತ. ನಡುವೆ ಗಾಳಿ ಎದ್ದು ಹಾಳೆಗಳು ಹಾರಿದವು. ಅವನ್ನು ಒತ್ತಿ ಹಿಡಿಯುವ ಗಡಿಬಿಡಿಯಲ್ಲಿ, ಅವನು ಬಾರಿಸಿ ಓಡಿದ ಒಂದು ಹೊಡೆತಕ್ಕೆ ಬ್ಯಾಟ್ಸ್‌ಮನ್ ಸಾಲಿನಲ್ಲಿ ಒಂದು ರನ್, ಬೌಲರ್ ಸಾಲಿನಲ್ಲಿ ಎರಡು ಎಂದು ಬರೆದೆ. ಕರಿಹಲಗೆಯ ಮೇಲೆ ಮೊತ್ತ ಬರೆಯುವ ಹುಡುಗನಿಗೆ ಕೂಗಿ ಹೇಳಿದ್ದು ಒಂದು. ಅವನು ಬೌಲ್ಡ್ ಆದ ಮೇಲೆ ಎರಡೂ ಸಾಲು ಕೂಡಿಸಿದೆ. ಒಂದರ ಪ್ರಕಾರ ನಾವು ಒಂದು ರನ್ನಿನಿಂದ ಗೆದ್ದಿದ್ದೆವು. ಇನ್ನೊಂದರ ಪ್ರಕಾರ ಆಟ ಸಮ.

ಎರಡೇ ಸರಿ ಎಂದು ನನಗೆ ಗೊತ್ತಿತ್ತು. ಒಂದೇ ಓಡಿದ್ದರೆ ಮುಂದಿನ ಚೆಂಡನ್ನು ಆಚೆ ತುದಿಯವನು ಆಡಬೇಕಿತ್ತು; ಆಡಿದವನು ಮಾಸ್ತರನೇ. ಆದರೆ ಹಲಗೆ ನೋಡಿದ ನಮ್ಮವರು ಅಣ್ಣನನ್ನು ಆಗಲೇ ಹೆಗಲ ಮೇಲೆ ಹೊತ್ತಿದ್ದರು. ಶಾಯಿ ಕೆರೆಯಲೆಂದು ನನ್ನ ಬಳಿ ಅರ್ಧ ಬ್ಲೇಡು ಇರುತ್ತಿತ್ತು. ಎರಡನ್ನು ಕೆರೆದು ಒಂದು ಮಾಡಿದೆ. ಗಡಿಬಿಡಿಯಲ್ಲಿ ಬರೆಯದೆ ಬಿಟ್ಟಿದ್ದ ಅವನ ಪುಸ್ತಕದಲ್ಲೂ ಹಾಗೆಯೇ ತುಂಬಿದೆ.

ಅವನು ಬೆವರು ಒರೆಸಿಕೊಳ್ಳುತ್ತ ಬಂದ. "ಅಕ್ಕಾರ, ಲೆವೆಲ್ ಆಗ್ಯಾದ. ನಾ ಎಣಿಸೀನಿ."

ನಾನು ಎರಡೂ ಪುಸ್ತಕಗಳನ್ನು ಅವನ ಕಡೆ ತಿರುಗಿಸಿದೆ. ಅದನ್ನೊಮ್ಮೆ, ಇದನ್ನೊಮ್ಮೆ ನೋಡಿದ. ಕೆಳಗೆ ಸಹಿ ಹಾಕಿದ.

ಸಹಿ ಹಾಕಿದರೂ ಊರಿಗೆ ಹೋಗಿ ಆಟ ಸಮ ಆಗಿತ್ತೆಂದೇ ಹೇಳಿದನಂತೆ. ಅದೇ ಅವನಿಗೆ ಮುಳುವಾಯಿತು. ಗಬ್ಬೂರಿನಲ್ಲಿ ಶಾಲೆಯ ಹುಡುಗರನ್ನು ಕಂಡವರೆಲ್ಲ, "ನಿಮ್ಮ ಮಾಸ್ತರಗ ಎಣಿಸಾಕ ಬರ್ತದೇನಲೇ? ಒಂದು ಕಡಿಮಿ ಬಿದ್ದೀತು ನೋಡ್ರಿ!" ಎನ್ನುತ್ತಿದ್ದರೆಂದು ಮಾನ್ವಿಯ ನಮ್ಮ ಸಂಬಂಧಿಕರು ನಗುತ್ತ ಹೇಳಿದರು. ಮುಂದಿನ ವರ್ಷದಿಂದ ಅವನು ಆಟಕ್ಕೆ ಬರಲಿಲ್ಲ. ಅಣ್ಣ ಬದುಕಿರುವ ತನಕ ನಾನು ಯಾರಿಗೂ ಹೇಳಲಿಲ್ಲ. ಅಣ್ಣ ಹೋದ ಮೇಲೂ ಹೇಳಲಿಲ್ಲ. ಕಾರ್ಯದರ್ಶಿ ಬರದಿದ್ದರೆ ಹೇಳುತ್ತಲೂ ಇರಲಿಲ್ಲವೇನೋ.

ಮಾಸ್ತರರು ನಿವೃತ್ತರಾಗಿ ಈಗ ದೇವದುರ್ಗದಲ್ಲಿದ್ದಾರೆ. ಬಸ್ಸು ಹತ್ತಿ ಹೋದೆ. ಹೆಂಡತಿ ಜೋಳ ಹಸನು ಮಾಡುತ್ತ ಪಡಸಾಲೆಯಲ್ಲಿ ಕುಳಿತಿದ್ದರು. ಇಬ್ಬರ ಎದುರಿಗೇ ಎಲ್ಲವನ್ನೂ ಹೇಳಿದೆ. "ಐ ಆಮ್ ಸಾರಿ, ಮಾಸ್ತರ," ಎಂದೆ. ಎಷ್ಟು ಸಣ್ಣ ಮಾತು.

"ನನಗ ಯಾಕ ಹೇಳ್ತೀರಿ? ನನಗ ಗೊತ್ತಿತ್ತು," ಎಂದರು. "ಗೊತ್ತಿಲ್ಲದವ್ರು ಬಾಳ ಮಂದಿ ಸತ್ತು ಹೋದ್ರು."

ಹೆಂಡತಿಯ ಕೈ ಮೊರದ ಮೇಲೆಯೇ ನಿಂತಿತ್ತು. "ಹಂಗಾರ ಇವ್ರು ಹೇಳಿದ್ದು ಖರೇನ ಇತ್ತೇನ್ರೀ? ಸಂತಿಯಿಂದ ಬಂದಾಗೊಮ್ಮೆ ನಾನೂ ಕಾಡ್ಸೀನಿ, ಒಂದು ಕಡಿಮಿ ತಂದೀರಿ ಅಂತ."

"ಇಕಿಗೂ ಹೇಳಿದ್ದೆ. ನಕ್ಕಿದ್ಲು," ಎಂದರು ಮಾಸ್ತರರು, ನನ್ನ ಕಡೆ ನೋಡದೆ. ಆಮೇಲೆ ಕೇಳಿದರು: "ಬುಕ್ಕಿನ್ಯಾಗ ಬರೀತೀರಿ?"

"ಬರೀತೀನಿ," ಎಂದೆ.

ಬರೆದೆ. ಕಾರ್ಯದರ್ಶಿ ಫೋನ್ ಮಾಡಿದರು. "ಮೇಡಂ, ಆ ಪ್ಯಾರಾ ಬ್ಯಾಡ್ರಿ. ಕಪ್ ನಮ್ಮ ಕ್ಲಬ್ಬಿನ ಶೋಕೇಸಿನ್ಯಾಗ ಅದ. ಈಗ ಯಾಕ ಅದೆಲ್ಲಾ?" ನಾನು ಜಗಳವಾಡಬೇಕಿತ್ತು. ನಿಮ್ಮಿಷ್ಟ ಎಂದೆ. ದೇವದುರ್ಗಕ್ಕೆ ಸುದ್ದಿ ಮುಟ್ಟಿಸುವ ಧೈರ್ಯವೂ ಬರಲಿಲ್ಲ.

ಪುಸ್ತಕ ಬಿಡುಗಡೆಗೆ ಇಬ್ಬರೂ ಬಂದರು. ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು, ಆಕೆ ರೇಷ್ಮೆ ಸೀರೆ ಉಟ್ಟಿದ್ದರು. ವೇದಿಕೆಯ ಮೇಲಿನಿಂದ ನೋಡುತ್ತಿದ್ದೆ: ಅವರು ನನ್ನ ಪುಟ ಹುಡುಕಿ, ಹೆಂಡತಿಗೂ ಕಾಣುವಂತೆ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಬೆರಳು ಕೊನೆಯವರೆಗೆ ಹೋಗಿ ಮತ್ತೆ ಮೇಲೆ ಬಂತು. ಆಮೇಲೆ ಪುಸ್ತಕ ಮುಚ್ಚಿದರು.

ಎರಡು ಮಾತಾಡಿ ಎಂದು ನನ್ನ ಕೈಗೆ ಮೈಕ್ ಕೊಟ್ಟಾಗ ಹೇಳಿಬಿಟ್ಟೆ. ಗಾಳಿ, ಹಾಳೆ, ಬ್ಲೇಡು, ಎಲ್ಲವನ್ನೂ. "ಐ ಚೀಟೆಡ್. ಆಟ ಸಮ ಆಗಿತ್ತು," ಎಂದೆ. ಆಮೇಲೆ ಯಾರೋ ನಕ್ಕರು, ಹಿಂದೆಯೇ ಇಡೀ ಹಾಲ್ ನಕ್ಕು ಚಪ್ಪಾಳೆ ತಟ್ಟಿತು. ಕಾರ್ಯದರ್ಶಿ ಮೈಕ್ ತೆಗೆದುಕೊಂಡು, "ನೋಡ್ರಿ, ಈ ವಯಸ್ಸಿನ್ಯಾಗೂ ಮೇಡಂ ಎಷ್ಟು ಜಾಲಿ ಇದಾರ!" ಎಂದರು.

ಗೇಟಿನ ಹತ್ತಿರ ಅವರಿಬ್ಬರನ್ನೂ ಹಿಡಿದು ನಿಲ್ಲಿಸಿದೆ. ಮಾಸ್ತರರು ಕೈಮುಗಿದರು. "ನೀವು ಹೇಳಿದ್ರಿ. ಸಾಕು," ಎಂದು ಹೆಂಡತಿಯತ್ತ ತಿರುಗಿದರು. "ನಡಿ, ಬಸ್ಸಿಗೆ ಹೊತ್ತಾತು."

ಆಕೆ ಕದಲಲಿಲ್ಲ. "ಅಕ್ಕಾರ, ಮಂದಿ ಯಾಕ ನಕ್ಕರ್ರೀ?" ಎಂದು ಕೇಳಿ ನನ್ನ ಮುಖವನ್ನೇ ನೋಡುತ್ತ ನಿಂತರು.