ಗಣಾರಾಧನೆಯ ಕಾರ್ಡು ಅಚ್ಚಾಗದೆ ನಿಂತ ಮಧ್ಯಾಹ್ನ

ಗಂಡ ಸತ್ತ ಮೇಲೆ ಶಿವಗಣಾರಾಧನೆಯ ಕಾರ್ಡು ಹಾಕಿಸಲು ಮಗಳ ಜೊತೆ ಸಾಯಗಾಂವದಿಂದ ಭಾಲ್ಕಿಗೆ ಹೋದೆ. ನನಗೆ ಓದು ಅಷ್ಟಕ್ಕಷ್ಟೆ, ಅಕ್ಷರ ಕೂಡಿಸಿ ಹೆಸರು ಓದುತ್ತೇನೆ. ಉಳಿದವರಿಗೆ ಫೋನಿನಲ್ಲೇ ಹೇಳಿಯಾಗಿತ್ತು. ಕಾರ್ಡಿನ ಅವಸರ ಇದ್ದದ್ದು ಔರಾದಿನಲ್ಲಿರುವ ಗಂಡನ ಅಕ್ಕನಿಗಾಗಿ. ಕಾರ್ಡು ಕೈಗೆ ಬರದಿದ್ದರೆ ಅವಳು ತಮ್ಮನ ಗಣಾರಾಧನೆಯ ಪ್ರಸಾದಕ್ಕೂ ಬರುವವಳಲ್ಲ. ಪ್ರಸಾದ ಮರುದಿನವೇ ಇತ್ತು.

ಕಾರ್ಡು ಅಚ್ಚು ಹಾಕುವ ಅಂಗಡಿಯವನು ಗಂಡನ ಫೋಟೊ ಇದ್ದ ನಮ್ಮ ಪೆನ್ ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದ. ಪರದೆಯ ಮೇಲೆ ಕೆಂಪು ಚೀಟಿಯಂಥದ್ದು ಎದ್ದಿತು. ವೈರಸ್ ಎಂದ, ಏನೋ ಒತ್ತಿದ. ಕೆಂಪು ಹೋಯಿತು. ಟೈಪ್ ಮಾಡಲು ಕುಳಿತರೆ ಕನ್ನಡ ಬರಲಿಲ್ಲ. ಬರೀ ಇಂಗ್ಲಿಷ್ ಅಕ್ಷರ ಬಿದ್ದವು.

“ಸತ್ತೋರ ಮನಿ ಪೆನ್ ಡ್ರೈವ್ ನೋಡ್ರಿ ಆಯಿ, ನನ್ನ ಮಶೀನಿಗಿ ಸೂತಕ ತಂದದ,” ಎಂದ. ನಗುತ್ತಲೇ ಅಂದ. ಆದರೆ ಪೆನ್ ಡ್ರೈವನ್ನು ಕಿತ್ತು ಎರಡು ಬೆರಳಲ್ಲಿ ಹಿಡಿದು ಮೇಜಿನ ತುದಿಗೆ ಸರಿಸಿದ.

“ನಾವು ಲಿಂಗ ಕಟ್ಟಿದ ಮಂದಿ. ನಮ್ಮಲ್ಲಿ ಸೂತಕ ಇಲ್ಲ. ನಿನ್ನ ಡಬ್ಬಿಗಿ ಇದ್ರ ನೀನೇ ಜಳಕ ಮಾಡಿಸು,” ಎಂದೆ.

“ಅವ್ವಾ, ಔರಾದಿನ ಅತ್ತಿಗಿ ಫೋನ್ ಮಾಡೇ ಕರಿಯೋಣು ಬಿಡು,” ಎಂದಳು ಮಗಳು.

“ಫೋನಿಗಿ ಬರ್ತಾಳೇನು ನಿಮ್ಮತ್ತಿ? ನಾ ಸಾಯೋತನಕ ಆಡ್ಕೋತಾಳ.”

ಅಂಗಡಿಯವನು ಬೀದರಿಗೆ ಫೋನ್ ಹಚ್ಚಿದ. ಕಂಪ್ಯೂಟರ್ ರಿಪೇರಿ ಮಾಡುವವನ ಬೈಗುಳ ನಮಗೂ ಕೇಳಿಸಿತು.

“ಪೆನ್ ಡ್ರೈವಿನ ಮ್ಯಾಲ ಯಾಕ ಹಾಕ್ತಿ? ಚೀಟಿನಾಗ ಯಾವ ಫೈಲಿನ ಹೆಸರಿತ್ತು, ಓದಿದೇನು?”

ಓದಿರಲಿಲ್ಲ. ಈಗ ಹುಡುಕಿ ಓದಿದ. ಅದು ಅವನದೇ ಕನ್ನಡ ಟೈಪಿಂಗ್ ಸಾಫ್ಟ್‌ವೇರ್.

“ಅದು ನೀ ಒತ್ತಿದ ಕೀ ಹಿಡ್ದು ಕನ್ನಡ ಮಾಡ್ತದ. ಕಳ್ಳ ಪ್ರೋಗ್ರಾಮೂ ಹಂಗೇ ಕೀ ನೋಡ್ತದ. ನಿನ್ನ ಹೊಸ ಆಂಟಿವೈರಸ್‌ಗಿ ಎರಡೂ ಒಂದೇ ಕಂಡಾವ. ಅಳಿಸಿಲ್ಲ, ಒಳಗ ಕೂಡಿ ಹಾಕ್ಯಾದ.”

“ಹಂಗಾದ್ರ ಆಂಟಿವೈರಸ್ಸೇ ಬಂದ್ ಮಾಡ್ಲೇನು?”

“ಹುಚ್ಚಿದ್ದಿಯೇನು? ಊರ ಮಂದಿ ಆಧಾರ್ ಎಲ್ಲಾ ನಿನ್ನ ಬಲ್ಲಿ ಅವ. ನಿಂದ್ರು, ಫೈಲ್ ಖರೇನೇ ಅದೇ ಏನು ನೋಡ್ತೇನಿ.”

ಅವನು ಬೀದರಿನಿಂದಲೇ ಮಶೀನಿನೊಳಗೆ ಬಂದ. ಪರದೆಯ ಮೇಲಿನ ಬಾಣ ತಾನೇ ಓಡಾಡಿತು. ಔರಾದಿನ ಬಸ್ಸು ಒಂದು ಹೋಯಿತು. ಮಗಳು ಹೊರಗೂ ಒಳಗೂ ತಿರುಗಿದಳು. ನಾನು ಬಾಣ ನೋಡುತ್ತ ಕುಳಿತೆ. ಏನೂ ಅನ್ನಿಸಲಿಲ್ಲ. ಗಂಡನನ್ನು ಮಣ್ಣು ಮಾಡಿ ಬಂದ ದಿನವೂ ಹೀಗೇ ಕುಳಿತಿದ್ದೆ. ಜನ ಏನೇನೋ ಹೇಳುತ್ತಿದ್ದರು.

ರಿಪೇರಿಯವನು ಅಸಲಿ ಪ್ರತಿಗೆ ಹೋಲಿಸಿ ನೋಡಿದ ಮೇಲೆ ಆ ಫೈಲೊಂದನ್ನೇ ಬಿಡಿಸಿದ. ಇನ್ನು ಮೇಲೆ ಇದನ್ನು ಹಿಡಿಯಬೇಡ ಎಂದು ಆಂಟಿವೈರಸ್‌ನಲ್ಲಿ ಗುರುತು ಮಾಡಿದ. ಆಂಟಿವೈರಸ್ ಕಂಪನಿಗೂ ಅದರ ತಪ್ಪು ತಿಳಿಸಿದ. ಕನ್ನಡ ಬಂತು.

“ನಿಮ್ಮ ಪೆನ್ ಡ್ರೈವಿಂದೇನೂ ಇಲ್ರಿ ಆಯಿ,” ಎಂದ ಅಂಗಡಿಯವನು.

“ಗೊತ್ತದ. ಅಚ್ಚು ತೆಗಿ.”

ಔರಾದು ಮುಟ್ಟಿದಾಗ ಕತ್ತಲಾಗಿತ್ತು. ಗಂಡನ ಅಕ್ಕ ಬಾಗಿಲಲ್ಲೇ ಕಾರ್ಡು ತೆಗೆದುಕೊಂಡು ಫೋಟೊ ನೋಡಿದಳು.

“ನನ್ನ ತಮ್ಮನ ಕಾರ್ಡು ಎಲ್ಲಾರಿಗಿ ಕೊಟ್ಟಾದ ಮ್ಯಾಲ ತಂದಿಯೇನು?”

“ನಿನಗೇ ಮೊದಲು,” ಎಂದೆ.

ಅವಳು ಕಾರ್ಡು ಹಿಡಿದು ಒಳಗೆ ಹೋದಳು. ಮರುದಿನ ಬಂದಳು. ಪಂಕ್ತಿಯಲ್ಲಿ ಕುಳಿತಳು. ಹುಗ್ಗಿ ಬಡಿಸಿದೆ. ತುಪ್ಪ ಸಾಲದು ಎಂದಳು. ಹಾಕಿದೆ.