ದಾರಿ ಹೇಳುವವಳು ಬಂದ ಮೇಲೆ

2019ರಲ್ಲಿ ನಾನು ಹರಪನಹಳ್ಳಿಯ ಆಸ್ಪತ್ರೆಯೊಂದರಲ್ಲಿ ಹಿರಿಯ ನರ್ಸ್ ಆಗಿದ್ದೆ. ಹೆರಿಗೆ ವಾರ್ಡಿನ ಕೆಲಸದ ಜೊತೆಗೆ, ನಮ್ಮಲ್ಲಿ ನಿಭಾಯಿಸಲಾಗದ ರೋಗಿಗಳನ್ನು ಆಂಬುಲೆನ್ಸ್‌ನಲ್ಲಿ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಮುಟ್ಟಿಸುವುದೂ ನನ್ನ ಪಾಲಿಗೆ ಬರುತ್ತಿತ್ತು. ನಮ್ಮ ಆಡುಮಾತಿನಲ್ಲಿ ಇದಕ್ಕೆ 'ರೆಫರ್ ಹೋಗೋದು' ಎನ್ನುತ್ತಿದ್ದೆವು.

ಆಂಬುಲೆನ್ಸಿನ ಚಾಲಕ ಕೊಟ್ರೇಶ. ಕೊಟ್ಟೂರಿನವನು, ನನಗಿಂತ ಹದಿನೈದು ವರ್ಷ ಚಿಕ್ಕವನು. ಹೆದ್ದಾರಿಯಲ್ಲಿ ಅವನ ಕೈಗೆ ಸಾಟಿಯಿರಲಿಲ್ಲ. ಆದರೆ ದಾವಣಗೆರೆಯ ಪೇಟೆಯೊಳಗೆ ಹೊಕ್ಕರೆ ಅವನಿಗೆ ಎಡಬಲ ತಿಳಿಯುತ್ತಿರಲಿಲ್ಲ. ನಾನು ನರ್ಸಿಂಗ್ ಓದಿದ್ದು ಅದೇ ಊರಿನಲ್ಲಿ. ರೈಲ್ವೆ ಗೇಟು ಬಿದ್ದರೆ ಯಾವ ಬೀದಿ ಹಿಡಿಯಬೇಕು, ಮಂಡಿಪೇಟೆಯಲ್ಲಿ ಲಾರಿಗಳು ಮೂಟೆ ಇಳಿಸುವ ಹೊತ್ತು ಯಾವುದು ಎಂಬುದೆಲ್ಲ ನನಗೆ ಗೊತ್ತಿತ್ತು. ಆಂಬುಲೆನ್ಸಿನ ಹಿಂಭಾಗಕ್ಕೂ ಚಾಲಕನ ಸೀಟಿಗೂ ನಡುವೆ ಸಣ್ಣ ಕಿಂಡಿಯೊಂದಿರುತ್ತದೆ. ಆ ಕಿಂಡಿಗೆ ಮುಖವಿಟ್ಟು ನಾನು ದಾರಿ ಹೇಳುತ್ತಿದ್ದೆ, ಅವನು ಓಡಿಸುತ್ತಿದ್ದ. ಅಕ್ಕಾರು ಇದ್ದರೆ ನನಗೆ ಚಿಂತೆಯಿಲ್ಲ ಎಂದು ಅವನು ಡಾಕ್ಟರರ ಮುಂದೆಯೂ ಹೇಳಿದ್ದ. ಆ ಮಾತನ್ನು ನಾನು ಮನೆಗೆ ಹೋಗಿ ನನ್ನ ಯಜಮಾನರಿಗೂ ಹೇಳಿದ್ದೆ.

ಆ ವರ್ಷ ಮಗಳ ಬಾಣಂತನಕ್ಕೆಂದು ಒಂದು ತಿಂಗಳು ರಜೆ ಹಾಕಿ ಅವಳ ಊರು ಇಟ್ಟಿಗಿಯಲ್ಲಿದ್ದೆ. ಆಗ ಬೇರೊಬ್ಬ ನರ್ಸ್ ಜೊತೆ ಹೋದ ಕೊಟ್ರೇಶ ಪೇಟೆಯಲ್ಲಿ ದಾರಿ ತಪ್ಪಿದನಂತೆ. ರೋಗಿಗೆ ತೊಂದರೆಯಾಗಲಿಲ್ಲ, ಆದರೆ ಅವನು ಹೆದರಿಬಿಟ್ಟಿದ್ದ. ನಾನು ತಿರುಗಿ ಕೆಲಸಕ್ಕೆ ಬಂದ ದಿನ ನೋಡಿದರೆ ಸ್ಟೇರಿಂಗಿನ ಪಕ್ಕ ಒಂದು ಹೋಲ್ಡರ್, ಅದರಲ್ಲಿ ಫೋನು. ಅದರೊಳಗಿಂದ ಒಬ್ಬ ಹೆಂಗಸಿನ ದನಿ ಕನ್ನಡದಲ್ಲಿ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎನ್ನುತ್ತಿತ್ತು.

"ಅಕ್ಕಾರ, ಇನ್ನ ನೀವು ಆರಾಮ ಕುಂದ್ರಿರಿ. ದಾರಿ ಹೇಳಾಕ ಇಕಿ ಅದಾಳ" ಎಂದ ಕೊಟ್ರೇಶ.

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ನನಗೆ ಮಾತ್ರ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಯಿತು. ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಡುವುದು ನಗೆಪಾಟಲಿನ ಸಂಗತಿ ಎಂದು ಗೊತ್ತಿದ್ದೂ ಪಟ್ಟೆ. ಪ್ರತಿ ಪ್ರಯಾಣದಲ್ಲೂ ಅವಳ ತಪ್ಪು ಹುಡುಕುತ್ತಿದ್ದೆ. ನನ್ನ ದಾರಿಯೂ ಅವಳ ದಾರಿಯೂ ಒಂದೇ ಆದರೆ ಸಿಟ್ಟು ಬರುತ್ತಿತ್ತು. ಬೇರೆಯಾಗಿ, ಅವಳದೇ ಹತ್ತಿರವಾದರೆ ಇನ್ನೂ ಸಿಟ್ಟು. ಒಮ್ಮೆ, ಖಾಲಿ ಗಾಡಿಯಲ್ಲಿ ಮರಳುವಾಗ, ಮದುವೆಯ ಶಾಮಿಯಾನ ಅಡ್ಡ ಹಾಕಿದ್ದ ಗಲ್ಲಿಯೊಂದಕ್ಕೆ ಅವಳು ನಮ್ಮನ್ನು ತಂದು ನಿಲ್ಲಿಸಿದಳು. ನಾನು ಸಂಜೆಯವರೆಗೂ ಖುಷಿಯಾಗಿದ್ದೆ. ಕೊಟ್ರೇಶ ಗಾಡಿ ಹಿಂದಕ್ಕೆ ತೆಗೆದ. ಅವಳು ಅಷ್ಟೇ ತಣ್ಣಗೆ ಇನ್ನೊಂದು ದಾರಿ ಹೇಳಿದಳು. ಅವನು ತಿರುವು ತಪ್ಪಿಸಿದಾಗಲೆಲ್ಲ ನಾನು ಬೈಯುತ್ತಿದ್ದವಳು. ಇವಳು ಒಮ್ಮೆಯೂ ಬೈಯುತ್ತಿರಲಿಲ್ಲ. ಅದಕ್ಕೂ ನನಗೆ ಉರಿಯಿತು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ನಮ್ಮ ವಾರ್ಡಿನಲ್ಲಿ ತೆಲಿಗಿಯ ಹೆಣ್ಣುಮಗಳೊಬ್ಬಳು ಹೆತ್ತಳು. ಗಂಡು ಮಗು. ಹುಟ್ಟಿದ ಮೇಲೆ ಅಳಲಿಲ್ಲ. ಡಾಕ್ಟರು ಉಸಿರಾಡುವಂತೆ ಮಾಡಿದರೂ ಉಸಿರು ನಿಂತು ನಿಂತು ಬರುತ್ತಿತ್ತು. ನವಜಾತ ಶಿಶುಗಳ ತೀವ್ರ ನಿಗಾ ಘಟಕ ಇರುವುದು ದಾವಣಗೆರೆಯಲ್ಲಿ. ತಾಯಿಯನ್ನು ವಾರ್ಡಿನಲ್ಲೇ ಬಿಟ್ಟು, ಮಗುವನ್ನೂ ಅದರ ಅಜ್ಜಿ ಹಾಲಮ್ಮನನ್ನೂ ಹತ್ತಿಸಿಕೊಂಡು ಹೊರಟೆವು.

ತೆಲಿಗಿ ದಾಟುವವರೆಗೆ ಮಗು ತಾನೇ ಉಸಿರಾಡುತ್ತಿತ್ತು. ಹಾಲಮ್ಮ ಕಿಟಕಿಯಾಚೆ ತನ್ನೂರನ್ನು ನೋಡಲೂ ಇಲ್ಲ. ಅವಳ ಕಣ್ಣು ಮೊಮ್ಮಗನ ಮೇಲೆಯೇ ಇತ್ತು. ದಾವಣಗೆರೆ ಇನ್ನೇನು ಬಂತು ಎನ್ನುವಾಗ ಮಗುವಿನ ತುಟಿ ನೀಲಿಯಾಯಿತು. ಎದೆ ಏಳಲಿಲ್ಲ. ನಾನು ಆಂಬು ಬ್ಯಾಗ್ ಹಿಡಿದೆ. ಅದು ಮುಷ್ಟಿಗಾತ್ರದ ರಬ್ಬರ್ ಚೀಲ, ತುದಿಯಲ್ಲಿ ಪುಟ್ಟ ಮಾಸ್ಕ್. ಒಂದು ಕೈಯಲ್ಲಿ ಮಾಸ್ಕನ್ನು ಮಗುವಿನ ಮೂಗುಬಾಯಿಗೆ ಗಾಳಿ ಸೋರದಂತೆ ಒತ್ತಿ ಹಿಡಿಯಬೇಕು, ಇನ್ನೊಂದರಲ್ಲಿ ಚೀಲ ಹಿಸುಕಬೇಕು. ಹಿಸುಕಿದಾಗಲೆಲ್ಲ ಎದೆ ಏಳುತ್ತಿದೆಯೇ ಎಂದು ನೋಡುತ್ತಿರಬೇಕು. ಮಾಸ್ಕ್ ಒಂದಿಷ್ಟು ಜಾರಿದರೂ ಗಾಳಿ ಹೊರಗೆ ಹೋಗುತ್ತದೆ. ಗಾಡಿ ಕುಲುಕಿದಾಗ ಮಗು ಸರಿಯದಂತೆ ಎರಡೂ ಕೈಯಿಂದ ಹಿಡಿದುಕೊಳ್ಳಲು ಹಾಲಮ್ಮನಿಗೆ ಹೇಳಿದೆ. ಅವಳು ಗಟ್ಟಿಯಾಗಿ ಹಿಡಿದಳು.

ಪೇಟೆ ಬಂತು. ಸೈರನ್, ಆಟೋಗಳ ಹಾರ್ನ್, ಇವುಗಳ ನಡುವೆ ಫೋನಿನವಳ ದನಿ. ಹಿಂದೆ ಕುಳಿತ ನನಗೆ ಒಂದೊಂದು ಮಾತೂ ಕೇಳುತ್ತಿತ್ತು. ಅಂಥ ಹೊತ್ತಿನಲ್ಲೂ, ಆ ತಿರುವು ನಾನು ಹೇಳಬೇಕಾದದ್ದು ಎಂದು ಮನಸ್ಸಿನ ಒಂದು ಮೂಲೆ ಕುಟುಕುತ್ತಲೇ ಇತ್ತು. ಅಷ್ಟರಲ್ಲಿ ಗಾಡಿ ಗಕ್ಕನೆ ನಿಂತಿತು. ಪೈಪ್ ಹಾಕಲು ಮುಂದಿನ ರಸ್ತೆ ಅಗೆದು ಬ್ಯಾರಿಕೇಡ್ ಇಟ್ಟಿದ್ದರು. ಹಿಂದೆ ಆಗಲೇ ವಾಹನಗಳು ಒತ್ತಿಕೊಂಡು ಬಂದಿದ್ದವು. ಇಕ್ಕೆಲಕ್ಕೂ ಒಂದೊಂದು ಓಣಿ ಇದೆ ಎಂದು ಕೊಟ್ರೇಶನೇ ಕೂಗಿ ಹೇಳಿದ. ಆಮೇಲೆ ಕಿಂಡಿಯತ್ತ ಕತ್ತು ಹೊರಳಿಸಿದ.

"ಅಕ್ಕಾರ, ಅಕಿ ಹೇಳಿದ ರಸ್ತಿ ಬಂದ್ ಐತಿ. ಯಾವ ಕಡಿ ಹೋಗ್ಲಿ? ನೀವ ಹೇಳ್ರಿ."

ಎಷ್ಟೋ ತಿಂಗಳಿಂದ ನಾನು ಕಾಯುತ್ತಿದ್ದ ಮಾತು ಅದು. ಒಮ್ಮೆ ತಲೆ ಎತ್ತಿ ಹೊರಗೆ ನೋಡಿದ್ದರೆ ಯಾವ ಬೀದಿ ಎಂದು ಗುರುತು ಹಿಡಿಯುತ್ತಿದ್ದೆ. ಓಣಿಯ ಹೆಸರೂ ಹೇಳುತ್ತಿದ್ದೆನೇನೋ. ಆದರೆ ಕಿಂಡಿಯತ್ತ ಬಾಗಿದರೆ ಮಾಸ್ಕ್ ಜಾರುತ್ತಿತ್ತು. ನನ್ನ ಹೆಬ್ಬೆರಳಿನ ಕೆಳಗೆ ಆ ಪುಟ್ಟ ಗಲ್ಲ ಆಗಷ್ಟೇ ನೀಲಿ ಬಿಟ್ಟು ಕೆಂಪಾಗತೊಡಗಿತ್ತು.

"ನನ್ನ ಕೇಳಬ್ಯಾಡ ಕೊಟ್ರೇಶ. ಅಕಿನ್ನ ಕೇಳು" ಎಂದೆ.

ಕೊಟ್ರೇಶ ಎಡಕ್ಕೆ ಹೊರಳಿಸತೊಡಗಿದ್ದನೋ ಏನೋ, ಅವಳು ಹೊಸ ದಾರಿ ಹುಡುಕಿ ಬಲಕ್ಕೆ ಎಂದಳು. ಗಾಡಿ ಬಲಕ್ಕೆ ತಿರುಗಿತು. ಆ ಓಣಿ ಎಲ್ಲಿ ಹೊಕ್ಕು ಎಲ್ಲಿ ಹೊರಬಂತು ಎಂದು ನಾನು ಇವತ್ತಿಗೂ ಹೇಳಲಾರೆ. ನನಗೆ ಕಂಡಿದ್ದು ಏಳುತ್ತ ಇಳಿಯುತ್ತ ಇದ್ದ ಆ ಎದೆ ಮಾತ್ರ. ಗಾಡಿ ನಿಂತು ಬಾಗಿಲು ತೆರೆದುಕೊಂಡಾಗ ಘಟಕದ ವೈದ್ಯರು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡರು. ಚೀಲ ಹಿಸುಕಿದ ನನ್ನ ಕೈ ಮುಷ್ಟಿಯಾಗಿಯೇ ಸೆಟೆದುಹೋಗಿತ್ತು. ಕೊಟ್ರೇಶ ಬೆರಳು ಒಂದೊಂದಾಗಿ ಬಿಡಿಸಿದ.

ಮಗು ಉಳಿಯಿತು. ಕೆಲವು ವಾರಗಳಾದ ಮೇಲೆ ಹಾಲಮ್ಮ ಸೊಸೆಯನ್ನೂ ಮೊಮ್ಮಗನನ್ನೂ ಕರೆದುಕೊಂಡು ನಮ್ಮ ಆಸ್ಪತ್ರೆಗೆ ಬಂದಳು. ಕೊಟ್ರೇಶನಿಗೆ ಟವೆಲ್ಲು, ನನಗೊಂದು ಕುಪ್ಪಸದ ಕಣ ಕೊಟ್ಟಳು. ಚೀಲದಲ್ಲಿ ಇನ್ನೊಂದು ಕಣ ಇತ್ತು.

"ಆ ಹೆಣ್ಮಗಳು ಎಲ್ಲಿ ಅದಾಳ್ರಿ, ಫೋನಿನಾಗ ದಾರಿ ಹೇಳಿದಾಕಿ? ಆಕಿಗೂ ಒಂದು ತಂದೀನಿ" ಎಂದಳು.

ಅಷ್ಟು ದೂರವೂ ಯಾರೋ ಹೆಂಗಸು ಫೋನಿನಲ್ಲಿ ನಮಗಾಗಿ ಕಾದು ಕುಳಿತಿದ್ದಳು ಎಂದು ಅವಳು ತಿಳಿದಿದ್ದಳು. ಕೊಟ್ರೇಶ ನಗಲು ಹೊರಟವನು ನನ್ನ ಮುಖ ನೋಡಿ ಸುಮ್ಮನಾದ. ನಾನು ಕೈಚಾಚಿ, ಆಕೆಗೆ ಮುಟ್ಟಿಸುತ್ತೇನೆ ಎಂದು ತೆಗೆದುಕೊಂಡೆ. ಅವಳಿಗೆ ತಂದದ್ದು ಕೆಂಪು ಅಂಚಿನ ಹಸಿರು ಕಣ. ನನ್ನದಕ್ಕಿಂತ ಚೆಂದವಿತ್ತು. ಆಗಲೂ ನನಗೆ ಚುರುಕ್ ಎಂದಿತು.

ನಿವೃತ್ತಳಾಗುವವರೆಗೂ ಅದೇ ಗಾಡಿಯಲ್ಲಿ, ಅದೇ ದನಿ ಕೇಳುತ್ತ ಓಡಾಡಿದೆ. ಹೊಟ್ಟೆಕಿಚ್ಚು ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅದು ಹೊಟ್ಟೆಯಲ್ಲೇ ಇರಲಿ, ಕೈಗೆ ಇಳಿಯದಿದ್ದರೆ ಸಾಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ.